ಅವೆನ್ಯೂ ರಸ್ತೆಯ ಬೈಂಡಿಂಗ್ ಅಣ್ಣನಿಗೆ

ಹೋದ ತಿಂಗಳ ಮಳೆಗೆ ನಮ್ಮ ಕಿಟಕಿ ಪಕ್ಕದ ಕಪಾಟು ನೆನೆದುಹೋಯಿತು. ಎಲ್ಲಕ್ಕಿಂತ ಜಾಸ್ತಿ ಹಾಳಾಗಿದ್ದು ಅಪ್ಪನ ‘ಕರ್ವಾಲೊ’. 1980ರಲ್ಲಿ ಬಂದ ತೇಜಸ್ವಿಯವರ ಕಾದಂಬರಿ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವ ಆ ಕಥೆಯನ್ನು ಅಪ್ಪ ರಾತ್ರಿ ಊಟ ಆದಮೇಲೆ ಓದಿ ಹೇಳುತ್ತಿದ್ದರು. ಮಂದಣ್ಣನ ಮಾತು ಬಂದರೆ ದನಿ ಬದಲಿಸುತ್ತಿದ್ದರು. ಅಂಗಡಿಯಲ್ಲಿ ಹೊಸ ಪ್ರತಿ ಸಿಗುತ್ತದೆ, ನಿಜ. ಅದರಲ್ಲಿ ಅಪ್ಪನ ಪೆನ್ಸಿಲ್ ಗೆರೆಗಳು ಇರಲ್ಲ, ಅಲ್ವಾ?

ಇಬ್ಬರು "ಇದು ಆಗಲ್ಲ" ಎಂದು ವಾಪಸ್ ಕೊಟ್ಟಿದ್ದರು. ನೀವು ಅಂಟಾದ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಿರಿ. ಒಂದೊಂದೇ ಹಾಳೆಯನ್ನು ಬೆರಳ ತುದಿಯಲ್ಲಿ ಬಿಡಿಸಿ, ನಡುನಡುವೆ ನ್ಯೂಸ್‌ಪೇಪರ್ ಇಟ್ಟಿರಿ. "ಬಿಸಿಲಿಗೆ ಇಡಬಾರದಮ್ಮ, ಹಾಳೆ ಸೆಟೆದುಕೊಳ್ಳುತ್ತೆ. ಒಂದು ವಾರ ಬಿಟ್ಟು ಬನ್ನಿ" ಎಂದಿರಿ.

ಮತ್ತೆ ಬಂದಾಗ ದಾರದಲ್ಲಿ ಹೊಲಿದು ಹೊಸ ರಟ್ಟು ಹಾಕಿದ್ದಿರಿ. ಹಳೆಯ ಮುಖಪುಟವನ್ನು ಬಿಸಾಡದೆ ಅದರ ಮೇಲೇ ಅಂಟಿಸಿದ್ದಿರಿ. ಅಪ್ಪನ ಸಹಿ ಇದ್ದ ಹಾಳೆಯ ಅಂಚು ಹರಿದಿತ್ತು. ನಾನು ಕೇಳಿರಲೇ ಇಲ್ಲ, ಅದಕ್ಕೂ ತೆಳು ಕಾಗದ ಹಚ್ಚಿದ್ದಿರಿ. "ಅಕ್ಷರ ಉಳಿಸಿದೀನಿ ನೋಡಿ" ಅಂದಾಗ ನನಗೆ ಮಾತೇ ಹೊರಡಲಿಲ್ಲ. ಸುಮ್ನೆ ದುಡ್ಡು ಕೊಟ್ಟು ಬಂದುಬಿಟ್ಟೆ.

ತುಂಬಾ ಥ್ಯಾಂಕ್ಸ್ ಅಣ್ಣ. ನಿನ್ನೆ ರಾತ್ರಿ ಮಗಳಿಗೆ ಮೊದಲ ಅಧ್ಯಾಯ ಓದಿದೆ.