ರಿಫಂಡ್ ನಂಬಿ ಸಾಲ ಮಾಡಬೇಡ ಪುಟ್ಟಿ

ದಾವಣಗೆರೆ
ಗುರುವಾರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನು ಅವಸರದಲ್ಲಿದ್ದೆ, ಹೇಳಬೇಕಾದದ್ದು ಬಾಯಲ್ಲೇ ಉಳಿಯಿತು. ಲ್ಯಾಪ್‌ಟಾಪ್‌ಗೆ ಆ್ಯಪ್‌ನಲ್ಲಿ 30,000 ಸಾಲ ತೆಗೆದು, ಟ್ಯಾಕ್ಸ್ ರಿಫಂಡ್ ಬಂದ ದಿನವೇ ತೀರಿಸುತ್ತೇನೆ ಅಂದೆಯಲ್ಲ, ಆ ಮಾತಿಗೆ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ದುಡ್ಡು ನಿನ್ನದೇ, ಅದರಲ್ಲಿ ಅನುಮಾನ ಇಲ್ಲ. ವರ್ಷಕ್ಕೆ 3,60,000 ದುಡಿದೆ, ಕಂಪನಿಯವರು ನೂರಕ್ಕೆ ಹತ್ತರಂತೆ 36,000 ಟಿಡಿಎಸ್, ಅಂದರೆ ದುಡ್ಡು ಕೊಡುವ ಮುಂಚೆಯೇ ಮುರಿದುಕೊಳ್ಳುವ ತೆರಿಗೆ, ಹಿಡಿದರು. ನಿನ್ನ ವರಮಾನಕ್ಕೆ ತೆರಿಗೆಯೇ ಬರುವುದಿಲ್ಲ, ಹಾಗಾಗಿ ಅಷ್ಟೂ ವಾಪಸ್ ಬರಬೇಕು. ಆದರೆ ಯಾವಾಗ? ರಿಟರ್ನ್, ಅಂದರೆ ವರಮಾನದ ಲೆಕ್ಕ, ಹಾಕಿದ ಹಣಕಾಸು ವರ್ಷ ಮುಗಿದ ಮೇಲೂ ಅದನ್ನು ನೋಡಿ ಮುಗಿಸಲು ಇಲಾಖೆಗೆ 9 ತಿಂಗಳು ಕಾಲಾವಕಾಶ ಇದೆ. ಎಷ್ಟೋ ಜನರಿಗೆ ಕೆಲವೇ ವಾರದಲ್ಲಿ ಬರುತ್ತದೆ, ನಿಜ. ನಿನಗೂ ಹಾಗೇ ಬರುತ್ತದೆ ಅಂತ ಬರೆದುಕೊಟ್ಟವರು ಯಾರು?

ಆ ಸಾಲದ ವಿವರ ಅಂತ ನೀನು ಕಳಿಸಿದ ಫೋಟೊ ಇಟ್ಟುಕೊಂಡು ಲೆಕ್ಕ ಹಾಕಿದೆ. ಪ್ರೊಸೆಸಿಂಗ್ ಫೀ ನೂರಕ್ಕೆ ಮೂರು, ಅಂದರೆ 900. ಅದರ ಮೇಲೆ ಜಿಎಸ್‌ಟಿ 162. ಕೈಗೆ ಬರುವುದು 28,938, ಬಡ್ಡಿ ಮಾತ್ರ ಪೂರ್ತಿ 30,000ಕ್ಕೆ! ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಅಂದರೆ 900. ರಿಟರ್ನ್ ಸಮಯಕ್ಕೆ ಹಾಕಿದ್ದರೆ ಸರ್ಕಾರವೂ ನಿನ್ನ ರಿಫಂಡ್‌ಗೆ ಬಡ್ಡಿ ಕೊಡುತ್ತದೆ, ತಿಂಗಳಿಗೆ ಅರ್ಧ ರೂಪಾಯಿ ಲೆಕ್ಕ. 36,000ಕ್ಕೆ ಅದು 180 ಆಯಿತು. ಅಲ್ಲಿ 180 ಬರುವಾಗ ಇಲ್ಲಿ 900 ಹೋಗುತ್ತದೆ. ರಿಫಂಡ್ ಆರು ತಿಂಗಳು ತಡವಾದರೆ ಬಡ್ಡಿಯೇ 5,400 ಆಗುತ್ತದೆ ಪುಟ್ಟಿ.

ನಾನು ಇದನ್ನು ಅನುಭವಿಸಿದವನು. ಮಂಡಿಯ ಕೆಲಸ ಬಿಟ್ಟ ವರ್ಷ ಎಫ್‌ಡಿ ಬಡ್ಡಿಗೆ ಬ್ಯಾಂಕಿನವರು ಟಿಡಿಎಸ್ ಹಿಡಿದಿದ್ದರು. 11,000 ವಾಪಸ್ ಬರುತ್ತದೆ ಅಂತ ನಂಬಿ, ಮನೆ ಛಾವಣಿಯ ಶೀಟು ಬದಲಿಸಲು ಪರಿಚಯದವರೊಬ್ಬರ ಹತ್ತಿರ 10,000 ಕೈಸಾಲ ಮಾಡಿದೆ. ಪ್ರತಿ 5ನೇ ತಾರೀಖು ಬೆಳಿಗ್ಗೆ ಅವರು ಜಗಲಿ ಮೇಲೆ ಬಂದು ಕೂರುತ್ತಿದ್ದರು. ಬೈಯಲಿಲ್ಲ, ಕೂಗಲಿಲ್ಲ. ಕೊಟ್ಟ ಚಹಾ ಕುಡಿದು ಲೋಟ ಪಕ್ಕಕ್ಕಿಟ್ಟು ಸುಮ್ನೆ ರಸ್ತೆ ನೋಡುತ್ತಿದ್ದರು. ನಿನ್ನ ದೊಡ್ಡಮ್ಮ ಸಾಸಿವೆ ಡಬ್ಬಿಯಿಂದ 300 ರೂಪಾಯಿ ತೆಗೆದು ತರುವವರೆಗೂ ಏಳುತ್ತಿರಲಿಲ್ಲ. ಎಂಟು ತಿಂಗಳು ಹೀಗೇ ನಡೆಯಿತು. ಕೊನೆಗೆ ರಿಫಂಡ್ ಬಂತು, ಆದರೆ ನನಗೆ ಮರೆತೇ ಹೋಗಿದ್ದ ಒಂದು ಹಳೆ ತೆರಿಗೆ ಬಾಕಿಯನ್ನು ಮುರಿದುಕೊಂಡು 6,700 ಮಾತ್ರ ಬಂತು. ಉಳಿದದ್ದಕ್ಕೆ ದೊಡ್ಡಮ್ಮನ ಉಂಗುರ ಅಡ ಇಟ್ಟೆ. ಅವಳು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು.

ಮೊದಲು 26ಎಎಸ್, ಅಂದರೆ ನಿನ್ನ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ, ತೆಗೆದು ನೋಡು. ಕಂಪನಿಯವರು ಹಿಡಿದ 36,000 ಪೂರ್ತಿ ನಿನ್ನ ಪ್ಯಾನ್‌ಗೆ ಬಿದ್ದಿದೆಯಾ? ಕೊನೆಯ ಮೂರು ತಿಂಗಳ ಲೆಕ್ಕವನ್ನು ಅವರು ಮೇ 31ರೊಳಗೆ ಕೊಟ್ಟಿರಬೇಕು. ಅದು ಕಾಣದಿದ್ದರೆ ಈಗಲೇ ಅಕೌಂಟ್ಸ್‌ನವರಿಗೆ ಫೋನ್ ಮಾಡು, ಇಲ್ಲದಿದ್ದರೆ ರಿಫಂಡ್ ಅಲ್ಲೇ ನಿಲ್ಲುತ್ತದೆ. ಬ್ಯಾಂಕ್ ಖಾತೆ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ವ್ಯಾಲಿಡೇಟ್ ಆಗಿರಬೇಕು, ಅಂದರೆ ನಿನ್ನದೇ ಅಂತ ಖಾತರಿಯಾಗಿರಬೇಕು. ರಿಟರ್ನ್ ಹಾಕಿದ ಮೇಲೆ 30 ದಿನದೊಳಗೆ ಅದನ್ನು ಇ-ವೆರಿಫೈ (ಆನ್‌ಲೈನ್‌ನಲ್ಲಿ ದೃಢೀಕರಣ) ಮಾಡುವುದನ್ನು ಮಾತ್ರ ಮರೀಬೇಡ. ಮುಂದಿನ ವರ್ಷಕ್ಕೆ, ಕಡಿಮೆ ಟಿಡಿಎಸ್ ಹಿಡಿಯುವಂತೆ ಸರ್ಟಿಫಿಕೇಟ್‌ಗೆ ಈಗಲೇ ಅರ್ಜಿ ಹಾಕುವ ಬಗ್ಗೆ ನಿಮ್ಮ ಆಡಿಟರ್ ಹತ್ತಿರ ಕೇಳು. ಇಷ್ಟು ದುಡ್ಡು ವರ್ಷವಿಡೀ ಬೇರೆ ಕಡೆ ಯಾಕೆ ಕೂರಬೇಕು, ಅಲ್ವಾ?

ಅಷ್ಟಾಗಿಯೂ ಸಾಲ ಬೇಕೇ ಬೇಕು ಅಂದರೆ, ಎಲ್ಲ ಖರ್ಚೂ ಸೇರಿಸಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ಬರೆದ ಹಾಳೆ ಕೇಳು. ಅದನ್ನು ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಕೊಡಲು ಹಿಂದೆಮುಂದೆ ನೋಡಿದರೆ ಆ ಆ್ಯಪ್ ಅಳಿಸಿಬಿಡು.

ಹಳೆ ಲ್ಯಾಪ್‌ಟಾಪ್ ರಿಪೇರಿಗೆ ಎಷ್ಟಾಗುತ್ತದೆ ಅಂತ ವಿಚಾರಿಸಿದೆಯಾ? ನನ್ನ ಹತ್ತಿರ 12,000 ಇದೆ. ಬಡ್ಡಿ ಬೇಡ, ರಿಫಂಡ್ ಬಂದಾಗ ಕೊಡು. ಭಾನುವಾರ ಮನೆಗೆ ಬಾ, ಬರುವಾಗ ಆ 26ಎಎಸ್ ಪ್ರಿಂಟ್ ತಗೊಂಡು ಬಾ. ದೊಡ್ಡಮ್ಮ ಮಂಡಕ್ಕಿ ಒಗ್ಗರಣೆ ಮಾಡುತ್ತೇನೆ ಅಂದಿದ್ದಾಳೆ.

ನಿನ್ನ
ದೊಡ್ಡಪ್ಪ