ಅಪ್ಪನಿಗೆ ನಡುಕ ಬಂದರೆ ಮಫಿನ್ ಬೇಡಮ್ಮ

ಪ್ರೀತಿಯ ಅಮ್ಮನಿಗೆ,

ನಮಸ್ಕಾರಗಳು. ನಾನಿಲ್ಲಿ ಆರಾಮಾಗಿದ್ದೇನೆ. ಅಜ್ಜಿಗೂ ಚಿಕ್ಕಪ್ಪ ಚಿಕ್ಕಮ್ಮನಿಗೂ ನಮಸ್ಕಾರ ತಿಳಿಸು. ಪುಟ್ಟಿಗೆ ಪ್ರೀತಿ.

ನಿನ್ನ ಪತ್ರ ಬುಧವಾರ ಸಿಕ್ಕಿತು. ಓದಿದ ಕೂಡಲೇ ಫೋನ್ ಮಾಡಿದೆನಲ್ಲ, ಆಗ ಗಾಬರಿಯಲ್ಲಿ ಏನೇನು ಹೇಳಿದೆನೋ ನನಗೇ ಸರಿಯಾಗಿ ನೆನಪಿಲ್ಲ. ನೀನೂ "ಆಯ್ತು ಆಯ್ತು, ನೀನು ಊಟ ಮಾಡಿದ್ಯಾ" ಅಂತ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಬರೆದದ್ದಾದರೆ ಫ್ರಿಜ್ ಬಾಗಿಲಿಗೆ ಅಂಟಿಸಿಡಬಹುದು.

ನಾಲ್ಕು ಪುಟದ ಪತ್ರದಲ್ಲಿ, ಪುಟ್ಟಿ ಮಾಡಿದ ಸೇಬು ಚೀಸಿನ ಮಫಿನ್ ಹೊಗಳುತ್ತಾ ಹೊಗಳುತ್ತಾ, ಮಧ್ಯೆ ಒಂದು ಸಾಲು ಬರೆದಿದ್ದೀಯ. ಹೋದ ವಾರ ಬೆಳಗ್ಗೆ ಅಪ್ಪನಿಗೆ ಕೈ ನಡುಗಿತು, ಮೈಯೆಲ್ಲ ಬೆವರಿತು, ಹಸಿವಿಗೆ ಹಾಗಾಗಿರಬೇಕು ಅಂತ ಒಂದು ಮಫಿನ್ ಕೊಟ್ಟೆ, ಅರ್ಧ ಗಂಟೆ ಬಿಟ್ಟು ಸರಿಹೋದರು ಅಂತ. ಆಮೇಲೆ ಮತ್ತೆ ಮಫಿನ್ ಎಷ್ಟು ಮೆತ್ತಗಿತ್ತು ಅನ್ನುವ ವಿಷಯಕ್ಕೆ ಹೋಗಿಬಿಟ್ಟೆ. ನಾನು ಮಾತ್ರ ಆ ಸಾಲು ಬಿಟ್ಟು ಮುಂದಕ್ಕೆ ಹೋಗಲಾಗಲಿಲ್ಲ. ಆ ಅರ್ಧ ಗಂಟೆ ನೀನು ಅಪ್ಪನ ಪಕ್ಕ ಹೇಗೆ ಕೂತಿದ್ದೆಯೋ ಅನ್ನುವುದೇ ಕಣ್ಣ ಮುಂದೆ ಬರುತ್ತಿತ್ತು.

ಅದು ಬರೀ ಹಸಿವಲ್ಲಮ್ಮ. ಸಕ್ಕರೆ ಇಳಿದದ್ದು. ಅಪ್ಪನ ಸಕ್ಕರೆ ಕಾಯಿಲೆಗೆ ಹೊಸದಾಗಿ ಗ್ಲಿಮೆಪಿರೈಡ್ ಮಾತ್ರೆ ಶುರುವಾಗಿದೆ ಅಂತ ನೀನೇ ಬರೆದಿದ್ದೀಯ. ಆ ಮಾತ್ರೆ ನುಂಗಿ ತಿಂಡಿ ತಡ ಮಾಡಿದರೆ ರಕ್ತದ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಹೋಗುತ್ತದೆ. ಅಪ್ಪನಿಗೆ ಮಾತ್ರೆ ತಗೊಂಡು ಪೇಪರ್ ಹಿಡಿದು ಕೂರುವ ಅಭ್ಯಾಸ, ನನಗೆ ಗೊತ್ತಿಲ್ವಾ. ತಿಂಡಿ ತಟ್ಟೆ ಎದುರಿಗೆ ಬಂದ ಮೇಲೇ ಮಾತ್ರೆ. ಇದೊಂದನ್ನು ಇವತ್ತಿನಿಂದಲೇ ಶುರು ಮಾಡು.

ಇದೆಲ್ಲ ನನಗೆ ಗೊತ್ತಾದದ್ದು ಪಕ್ಕದ ಮನೆಯ ಅಜ್ಜಿಯಿಂದ. ಅವರ ಬಗ್ಗೆ ಬರೆದಿದ್ದೆನಲ್ಲ, ಹಿತ್ತಲಿನ ಮರದ ಸೇಬನ್ನು ಬುಟ್ಟಿಯಲ್ಲಿ ತುಂಬಿ ಬಾಗಿಲಲ್ಲಿಟ್ಟು ಹೋಗುತ್ತಾರೆ ಅಂತ. ಅವರಿಗೆ ಮೂವತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬುಧವಾರ ಸಂಜೆ ಮನಸ್ಸು ತಡೆಯದೆ ಅವರ ಮನೆಗೆ ಹೋಗಿ ನಿನ್ನ ಪತ್ರ ಅವರ ಭಾಷೆಯಲ್ಲಿ ಹೇಳಿದೆ. ಮಫಿನ್ ಕೊಟ್ಟ ಜಾಗಕ್ಕೆ ಬಂದಾಗ ಅವರು ಕೈಲಿದ್ದ ಚಹಾ ಕಪ್ಪು ಕೆಳಗಿಟ್ಟರು. ಎದ್ದು ಹೋಗಿ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕೊಳವೆ ತಂದರು. ಅದರೊಳಗೆ ಗ್ಲೂಕೋಸ್ ಬಿಲ್ಲೆಗಳು, ಒಂದೊಂದರಲ್ಲಿ 4 ಗ್ರಾಂ. ನಾಲ್ಕು ಬಿಲ್ಲೆ ಎಣಿಸಿ ನನ್ನ ಅಂಗೈಗೆ ಹಾಕಿ, "ಅಪ್ಪನಿಗೆ ಬೇಕಾದದ್ದು ಇಷ್ಟೇ, ಆದರೆ ಬೇಗ ಬೇಕು" ಅಂದರು.

ಮಫಿನ್‌ನಲ್ಲಿ ಸಕ್ಕರೆ ಇಲ್ಲ ಅಂತಲ್ಲ. ಬೆಣ್ಣೆ ಇದೆ, ಚೀಸ್ ಇದೆ. ಕೊಬ್ಬು ಇದ್ದರೆ ಹೊಟ್ಟೆಯಿಂದ ಆಹಾರ ಮುಂದೆ ಹೋಗುವುದೇ ನಿಧಾನ. ಆದ್ದರಿಂದ ಅದರ ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತದೆ. ಅವತ್ತು ಅರ್ಧ ಗಂಟೆ ಹಿಡಿದದ್ದು ಅದಕ್ಕೇ. ನಾನೇ ಕಳಿಸಿದ ರೆಸಿಪಿ, ನಾನೇ ಚೀಸ್ ಜಾಸ್ತಿ ಹಾಕು ಅಂತ ಪುಟ್ಟಿಗೆ ಹೇಳಿದ್ದು. ಅವತ್ತಿನಿಂದ ಅದೇ ಯೋಚನೆ.

ಇನ್ನು ಮುಂದೆ ಹಾಗಾದರೆ ಹೀಗೆ ಮಾಡಮ್ಮ. ಕೈ ನಡುಕ, ಬೆವರು, ಎದೆ ಡವಗುಟ್ಟುವುದು, ಸುಮ್ಮಸುಮ್ಮನೆ ರೇಗುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಸಕ್ಕರೆ ನೋಡುವ ಮೆಷಿನ್ನಿನಲ್ಲಿ ನೋಡು. 70ಕ್ಕಿಂತ ಕಡಿಮೆ ಇದ್ದರೆ ಸಕ್ಕರೆ ಇಳಿದಿದೆ ಅಂತ ಅರ್ಥ. ಮೆಷಿನ್ ಹತ್ತಿರ ಇಲ್ಲದಿದ್ದರೆ ಹುಡುಕುತ್ತಾ ಹೊತ್ತು ಕಳೆಯಬೇಡ. ಮೂರರಿಂದ ನಾಲ್ಕು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕಲಸಿ ಕುಡಿಸು. ಇಲ್ಲದಿದ್ದರೆ ಅರ್ಧ ಕಪ್ ಹಣ್ಣಿನ ರಸ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಸು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡುವುದು ಹೇಗೆ ಅಂತ ಆ ಹೊತ್ತಿನಲ್ಲಿ ಹಿಂಜರಿಯಬೇಡ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡ, ಒಂದು ಗುಟುಕು ನೀರೂ ಬೇಡ. ನೇರ ಆಸ್ಪತ್ರೆ.

ಅಪ್ಪ ಸುಧಾರಿಸಿಕೊಂಡ ಮೇಲೆ ಏನಾದರೂ ತಿನ್ನಬೇಕು, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಪುಟ್ಟಿಯ ಮಫಿನ್‌ಗೆ ಜಾಗ ಅಲ್ಲಿದೆ. ಮೊದಲು ಸಕ್ಕರೆ ನೀರು, ಆಮೇಲೆ ಮಫಿನ್. ಈ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ ನೋಡು.

ಡಾಕ್ಟರ್ ಹತ್ತಿರ ಈ ವಿಷಯ ಹೇಳಿದ್ದೀರಾ ಅನ್ನುವುದನ್ನು ನೀನು ಬರೆದೇ ಇಲ್ಲ. ಹೇಳಲೇಬೇಕು. ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಅಪ್ಪ "ಒಂದೇ ಸಲ ಆದದ್ದು, ಅದನ್ನೆಲ್ಲ ಏನು ಹೇಳೋದು" ಅಂದೇ ಅನ್ನುತ್ತಾರೆ. ನೀನು ಬಿಡಬೇಡ. ಚಿಕ್ಕಪ್ಪನನ್ನು ಜೊತೆಗೆ ಕಳಿಸು, ಅವರ ಎದುರು ಅಪ್ಪ ಮುಚ್ಚಿಡುವುದಿಲ್ಲ.

ಈಗ ಮಫಿನ್ ವಿಷಯ. ಮನೆಯಲ್ಲಿ ಅದನ್ನು ಮಾಡುವುದೇ ನಿಲ್ಲಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ಅಪ್ಪ ಇಷ್ಟಪಟ್ಟು ತಿಂದರು ಅಂತ ಓದಿ ಎಷ್ಟು ಖುಷಿಯಾಯಿತು ಗೊತ್ತಾ. ಲೆಕ್ಕ ಗೊತ್ತಿರಲಿ ಅಷ್ಟೇ. ನನ್ನ ರೆಸಿಪಿಯಲ್ಲಿ 250 ಗ್ರಾಂ ಮೈದಾ, 80 ಗ್ರಾಂ ಸಕ್ಕರೆ, ಎರಡು ಸೇಬು, 200 ಮಿಲಿ ಹಾಲು, 80 ಗ್ರಾಂ ಬೆಣ್ಣೆ, 100 ಗ್ರಾಂ ಚೆಡ್ಡರ್ ಚೀಸ್. ಇದರಲ್ಲಿ ಹನ್ನೆರಡು ಆಗುತ್ತವೆ. ಕೂತು ಲೆಕ್ಕ ಹಾಕಿದೆ. ಒಂದೊಂದರಲ್ಲಿ ಹಿಟ್ಟು, ಸಕ್ಕರೆ, ಹಣ್ಣು, ಹಾಲು ಎಲ್ಲದರಿಂದ ಸೇರಿ ಸುಮಾರು 25 ಗ್ರಾಂ ಕಾರ್ಬೋಹೈಡ್ರೇಟ್ ಇದೆ. "ಹಣ್ಣು ಹಾಕಿದ್ದೇವಲ್ಲ, ಒಳ್ಳೇದೇ" ಅಂತ ಎರಡು ಕೊಟ್ಟರೆ 50 ಆಯಿತು. ಹಣ್ಣಿನ ಸಿಹಿಯೂ ಸಿಹಿಯೇ, ಮೈದಾ ಕೂಡ ರಕ್ತದಲ್ಲಿ ಸಕ್ಕರೆಯಾಗಿಯೇ ಸೇರುತ್ತದೆ. ಅಪ್ಪನಿಗೆ ಒಂದೇ, ಅದೂ ತಿಂಡಿಯ ಬದಲಿಗೆ. ತಿಂಡಿಯ ಜೊತೆಗೆ ಅಲ್ಲ.

ಪುಟ್ಟಿಗೆ ಹೇಳು, ಸಕ್ಕರೆ 50 ಗ್ರಾಂಗೆ ಇಳಿಸಿದರೂ ನಡೆಯುತ್ತದೆ. ನಾನು ಶನಿವಾರ ಮಾಡಿ ನೋಡಿದೆ. ಮೇಲ್ಭಾಗ ಅಷ್ಟು ಕೆಂಪಗಾಗುವುದಿಲ್ಲ, ಮಾರನೇ ದಿನ ಸ್ವಲ್ಪ ಬೇಗ ಒಣಗುತ್ತದೆ. ರುಚಿಗೇನೂ ಮೋಸವಿಲ್ಲ, ಚೀಸಿನ ಉಪ್ಪು ಸೇಬಿನ ಸಿಹಿಯನ್ನು ಎತ್ತಿ ಕೊಡುತ್ತದೆ. ಅರ್ಧ ಮೈದಾ ತೆಗೆದು ಗೋಧಿ ಹಿಟ್ಟು ಹಾಕಬಹುದು. ಆಗ ಎರಡು ಮೂರು ಚಮಚ ಹಾಲು ಜಾಸ್ತಿ ಬೇಕು, ಗೋಧಿ ಹಿಟ್ಟು ನೀರು ಹೀರುತ್ತದೆ. ಎರಡು ಮೊಟ್ಟೆಯ ಬದಲಿಗೆ ಅವಳು ಅರ್ಧ ಕಪ್ ಮೊಸರು ಹಾಕುತ್ತಿರುವುದು ಸರಿಯಾಗಿದೆ. ಅದರ ಜೊತೆ ಕಾಲು ಚಮಚ ಅಡುಗೆ ಸೋಡಾ ಸಾಕು. ಸೋಡಾ ಜಾಸ್ತಿಯಾದರೆ ಬಾಯಲ್ಲಿ ಸಾಬೂನಿನ ರುಚಿ. ನಾನೊಮ್ಮೆ ಬ್ಲೂಬೆರಿ ಹಾಕಿದಾಗ ಸೋಡಾ ಹೆಚ್ಚಾಗಿ, ಒಳಗೆ ಹಣ್ಣಿನ ಸುತ್ತ ಹಸಿರು ಉಂಗುರ ಬಂದಿತ್ತು. ಬೂಸ್ಟು ಹಿಡಿದಿದೆ ಅಂತ ಹೆದರಿ ಎಲ್ಲ ಎಸೆದಿದ್ದೆ. ಬ್ಲೂಬೆರಿಯ ಬಣ್ಣ ಸೋಡಾ ತಾಗಿದರೆ ಹಸಿರಾಗುತ್ತದೆ, ಅಷ್ಟೇ. ಅದು ಕೆಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಅವಳ ಮಫಿನ್ ಒಳಗೆ ಉದ್ದುದ್ದ ತೂತು ಬರುತ್ತಿದೆ ಅಂದಿದ್ದೀಯ. ಅವಳು ತಿರುವುವುದು ಜಾಸ್ತಿ. ಒಣ ಪದಾರ್ಥ ಒಂದು ಬಟ್ಟಲಲ್ಲಿ, ಹಸಿ ಪದಾರ್ಥ ಇನ್ನೊಂದರಲ್ಲಿ. ಎರಡನ್ನೂ ಸೇರಿಸಿ ಹತ್ತು ಹನ್ನೆರಡು ಸುತ್ತು ತಿರುವಿ ಬಿಟ್ಟುಬಿಡಬೇಕು. ಅಲ್ಲಲ್ಲಿ ಗಂಟು ಇದ್ದರೆ ಇರಲಿ. ಜಾಸ್ತಿ ತಿರುವಿದಷ್ಟೂ ಹಿಟ್ಟಿಗೆ ಜಿಗುಟು ಬಂದು ಮಫಿನ್ ಗಟ್ಟಿಯಾಗುತ್ತದೆ. ಹೆಚ್ಚಿದ ಸೇಬನ್ನೂ ತುರಿದ ಚೀಸನ್ನೂ ಕೊನೆಗೆ ಸೇರಿಸಲಿ. ಅಚ್ಚು ಮುಕ್ಕಾಲು ತುಂಬಿಸಿ, ಮೊದಲೇ ಕಾದ ಓವನ್ನಿನಲ್ಲಿ 200 ಡಿಗ್ರಿಗೆ ಇಪ್ಪತ್ತು ನಿಮಿಷ. ಕಡ್ಡಿ ಚುಚ್ಚಿದಾಗ ಅಂಟಿದ್ದು ಹಸಿ ಹಿಟ್ಟೋ ಕರಗಿದ ಚೀಸೋ ಅಂತ ನೋಡಲಿ. ಅನುಮಾನ ಬಂದರೆ ಇನ್ನೊಂದು ಕಡೆ ಚುಚ್ಚಲಿ. ಹೊರಗೆ ತೆಗೆದು ಐದು ನಿಮಿಷಕ್ಕೆ ಅಚ್ಚಿನಿಂದ ಬಿಡಿಸಬೇಕು, ಇಲ್ಲದಿದ್ದರೆ ಹಬೆಗೆ ತಳ ಒದ್ದೆಯಾಗುತ್ತದೆ. ಆಗ ನೋಡಬೇಕಮ್ಮ ಅದನ್ನು. ಅಂಚಿಗೆ ಹರಿದ ಚೀಸ್ ಕಂದು ಬಣ್ಣಕ್ಕೆ ತಿರುಗಿ, ಲೇಸಿನ ಹಾಗೆ ತೆಳ್ಳಗೆ ಗರಿಗರಿಯಾಗಿರುತ್ತದೆ. ಕಾಗದ ಬಿಡಿಸುವಾಗ ಅದು ಸಣ್ಣಗೆ ಮುರಿಯುವ ಸದ್ದು ಕೇಳಿಸುತ್ತದೆ. ನಾನು ಮೊದಲು ತಿನ್ನುವುದು ಆ ಅಂಚನ್ನೇ.

ಹಣ್ಣಿನ ಜೊತೆ ಚೀಸ್ ಎಂಥ ಜೋಡಿ ಅಂತ ಚಿಕ್ಕಮ್ಮ ಮೂಗು ಮುರಿದರಂತೆ. ಇಲ್ಲಿ ಅಮೆರಿಕದಲ್ಲಿ ಅದಕ್ಕೆ ಕಾನೂನಿನ ಬೆಂಬಲವೇ ಇದೆ ಅಂತ ಅವರಿಗೆ ಹೇಳು. ವರ್ಮಾಂಟ್ ರಾಜ್ಯ 1999ರಲ್ಲಿ ಆಪಲ್ ಪೈಯನ್ನು, ಅಂದರೆ ಹಿಟ್ಟಿನೊಳಗೆ ಸೇಬು ತುಂಬಿ ಬೇಯಿಸಿದ ಸಿಹಿಯನ್ನು, ರಾಜ್ಯದ ಪೈ ಅಂತ ಘೋಷಿಸಿತು. ಅದನ್ನು ಬಡಿಸುವಾಗ ತಣ್ಣನೆ ಹಾಲು, ಚೆಡ್ಡರ್ ಚೀಸ್ ಅಥವಾ ವೆನಿಲಾ ಐಸ್ ಕ್ರೀಮ್ ಜೊತೆಗೆ ಕೊಡಲು ಮನಸ್ಸಿಟ್ಟು ಪ್ರಯತ್ನಿಸಬೇಕು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಮಫಿನ್‌ಗೂ ಇಲ್ಲಿ ಅಷ್ಟೇ ಮರ್ಯಾದೆ. ನ್ಯೂಯಾರ್ಕ್ ರಾಜ್ಯಕ್ಕೆ 1987ರಿಂದ ಸೇಬಿನ ಮಫಿನ್, ಮಿನೆಸೋಟಾಕ್ಕೆ 1988ರಿಂದ ಬ್ಲೂಬೆರಿ ಮಫಿನ್ ರಾಜ್ಯದ ಮಫಿನ್. ಮೊದಲು ಕೇಳಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಈಗ ಮಾಡಿ ತಿಂದ ಮೇಲೆ ಸರಿಯಾಗೇ ಇದೆ ಅನ್ನಿಸುತ್ತದೆ.

ಚೀಸಿನಲ್ಲಿ ಏನು ಸೇರಿಸುತ್ತಾರೆ ಅಂತ ನಮ್ಮ ಅಜ್ಜಿ ಕೇಳಿದ್ದಾರಲ್ಲ. ಅವರ ಅನುಮಾನ ಸರಿ. ಹಾಲು ಒಡೆಯಲು ರೆನೆಟ್ ಅನ್ನುವುದನ್ನು ಹಾಕುತ್ತಾರೆ. ಹಳೆಯ ಪದ್ಧತಿಯಲ್ಲಿ ಅದನ್ನು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ಇಟಲಿಯ ಪಾರ್ಮಿಜಾನೊ ರೆಜ್ಜಾನೊಗೆ ಈಗಲೂ ಅದೇ. ಆದರೆ ಈಗ ಎಷ್ಟೋ ಚೀಸಿಗೆ ಸೂಕ್ಷ್ಮಜೀವಿಗಳಿಂದ ಬೆಳೆಸಿದ್ದನ್ನು ಬಳಸುತ್ತಾರೆ. ನಾನು ಪೊಟ್ಟಣದ ಹಿಂದೆ ಓದಿಯೇ ತರುತ್ತೇನೆ, ಪುಟ್ಟಿಯೂ ಓದಿಯೇ ತರಲಿ. ಅಜ್ಜಿ ನಿಶ್ಚಿಂತೆಯಿಂದ ಇರಲಿ.

ನನ್ನ ಬಗ್ಗೆ ನೀನು ಚಿಂತೆ ಮಾಡಲೇಬೇಡ. ಅಪ್ಪನಿಗೆ ಇದ್ದರೆ ನಿನಗೂ ಬರುತ್ತದೆ ಅಂತ ಬರೆದಿದ್ದೀಯಲ್ಲ, ಅದಕ್ಕೇ ಗುರುವಾರವೇ ಹೋಗಿ ರಕ್ತ ಕೊಟ್ಟು ಬಂದೆ. ಖಾಲಿ ಹೊಟ್ಟೆಯಲ್ಲಿ 88. ನೂರಕ್ಕಿಂತ ಕಡಿಮೆ ಇದ್ದರೆ ಏನೂ ತೊಂದರೆಯಿಲ್ಲ. ದಿನಾ ನಡೆಯುತ್ತೇನೆ, ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಹತ್ತೂವರೆಗೆ ಮಲಗುತ್ತೇನೆ, ಚಳಿಗೆ ದಪ್ಪ ಕೋಟು ಇದೆ. ವಾರಕ್ಕೊಂದೇ ಸಲ ಮಫಿನ್, ಹನ್ನೆರಡರಲ್ಲಿ ಆರು ಪಕ್ಕದ ಮನೆಗೆ ಹೋಗುತ್ತವೆ. ಸಣ್ಣಗಾಗಿದ್ದೇನೆ ಅಂತ ನಿನಗೆ ಅನಿಸಿದ್ದು ಫೋಟೋದ ಬೆಳಕಿನಿಂದ. ನಿಜವಾಗಿ ಚೆನ್ನಾಗಿದ್ದೇನೆ, ಪುಟ್ಟಿಯನ್ನು ಬೇಕಾದರೆ ಕೇಳು, ವಿಡಿಯೋದಲ್ಲಿ ನೋಡಿದ್ದಾಳೆ.

ಆ ಹುಡುಗನ ಮನೆಯವರ ವಿಷಯ ಮುಂದಿನ ಪತ್ರದಲ್ಲಿ ಬರೆಯುತ್ತೇನೆ. ಈಗ ಅದರ ಮೇಲೆ ಮನಸ್ಸಿಲ್ಲ.

ಅಪ್ಪನ ಮಂಚದ ಪಕ್ಕ ಒಂದು ಡಬ್ಬಿಯಲ್ಲಿ ಸಕ್ಕರೆ, ಒಂದು ಚಮಚ, ಒಂದು ಲೋಟ ನೀರು ರಾತ್ರಿ ಮಲಗುವ ಮುಂಚೆ ಇಡು. ಹೊರಗೆ ಹೋಗುವಾಗ ಅವರ ಅಂಗಿ ಜೇಬಿನಲ್ಲಿ ಗ್ಲೂಕೋಸ್ ಇರಲಿ. ಅಪ್ಪ ಬೇಡ ಅಂದರೆ ನಾನು ಹೇಳಿದೆ ಅನ್ನು. ಸಕ್ಕರೆ ಇಳಿದದ್ದು ಇದು ಮೊದಲ ಸಲವೋ, ಮೊದಲೂ ಆಗಿ ನನ್ನಿಂದ ಮುಚ್ಚಿಟ್ಟಿದ್ದೀರೋ, ಅದನ್ನು ನಿಜವಾಗಿ ಬರೆ. ಡಾಕ್ಟರ್ ಏನಂದರು ಅನ್ನುವುದನ್ನು ಪುಟ್ಟಿ ಅವತ್ತೇ ಮೆಸೇಜ್ ಮಾಡಲಿ.

ಅಂಚೆ ಡಬ್ಬ ಐದಕ್ಕೆ ತೆಗೆಯುತ್ತಾರೆ, ಈಗ ನಾಲ್ಕೂ ಮುಕ್ಕಾಲು. ಓಡುತ್ತೇನೆ. ಭಾನುವಾರ ಫೋನ್ ಮಾಡುತ್ತೇನೆ, ಅಪ್ಪನನ್ನೂ ಹತ್ತಿರ ಕೂರಿಸಿಕೊ.

ನಿನ್ನ ಪ್ರೀತಿಯ ಮಗಳು

ಮರೆತಿದ್ದೆ: ಉಳಿದ ಮಫಿನ್ ಹೊರಗಿಡಬೇಡಿ. ಹಸಿ ಹಣ್ಣು, ಚೀಸ್ ಎರಡೂ ಇರುವುದರಿಂದ ಬೇಗ ಕೆಡುತ್ತದೆ. ಆರಿದ ಮೇಲೆ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಡಬ್ಬಿಯ ಕೀಲಿ ಬೇಕಾದರೆ ನಿನ್ನ ಹತ್ತಿರ ಇರಲಿ, ಅಪ್ಪನ ಹತ್ತಿರ ಬೇಡ.