ಹೊನ್ನಾವರದ ಸಾಲಿನಲ್ಲಿ ಕುಮಟಾ

ಶಿರಸಿ

ಪ್ರೀತಿಯ ತಮಾ,

ಆಶೀರ್ವಾದಗಳು. ಜಿಲ್ಲೆಯ 12 ತಾಲೂಕಿನ ವಾರ್ಷಿಕ ಮಳೆ ಎಷ್ಟು ಏರಿಳಿಯುತ್ತದೆ ಎಂದು ನೀನು ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಲೆಕ್ಕವನ್ನು ಸಾವಕಾಶ ಓದಿದೆ. ಮಾನಕ ವಿಚಲನೆಯನ್ನು (ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸುವ ಸಾಲನ್ನೇ 12 ಸಲ ಕಾಪಿ ಮಾಡಿ, ತಾಲೂಕಿನ ಹೆಸರು ಬದಲಿಸಿದ್ದೀಯ. ಹೊನ್ನಾವರದ ಸಾಲು ನೋಡು. ಭಾಗಾಕಾರದ ಸ್ಲ್ಯಾಶಿನ ಎಡಕ್ಕೆ ಹೊನ್ನಾವರ, ಬಲಕ್ಕೆ ಇನ್ನೂ ಕುಮಟಾ! ಎರಡೂ ಇರುವ ಹೆಸರೇ ಆದ್ದರಿಂದ ಆರ್ ತಕರಾರು ಮಾಡಲಿಲ್ಲ. ಎರಡೂ ಕರಾವಳಿ, ಹಾಗಾಗಿ ಉತ್ತರ ನೋಡಿದರೂ ಅನುಮಾನ ಬಾರದು. ಮಳೆ ಕಡಿಮೆಯಿರುವ ಒಳನಾಡಿನ ಹಳಿಯಾಳವಾಗಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು.

ಆ ಸಾಲನ್ನು ಫಂಕ್ಷನ್ ಮಾಡು, ಅಂದರೆ ಒಮ್ಮೆ ಬರೆದು ಹೆಸರಿಟ್ಟು ಬೇಕಾದಾಗೆಲ್ಲ ಕರೆಯುವ ತುಣುಕು. ಒಳಗೆ ಎಕ್ಸ್ ಎಂಬ ಒಂದೇ ಹೆಸರಿದ್ದರೆ ಎಡಕ್ಕೊಂದು ಬಲಕ್ಕೊಂದು ಆಗಲು ಆಸ್ಪದವೇ ಇಲ್ಲ. 12 ಕಾಲಂಗಳ ಮೇಲೂ ಅದನ್ನು ಓಡಿಸಲು ಎಸ್‌ಅಪ್ಲೈ ಇದೆ. ಸೂತ್ರ ತಿದ್ದುವುದಾದರೂ ಒಂದೇ ಕಡೆ.

ಬರೆದ ಕೂಡಲೇ 10, 20, 30 ಕೊಟ್ಟು ನೋಡು. ಸರಾಸರಿ 20, ಮಾನಕ ವಿಚಲನೆ 10 (ವ್ಯತ್ಯಾಸಗಳ ವರ್ಗಗಳ ಮೊತ್ತವನ್ನು ಆರ್ ಇಲ್ಲಿ ಅಂಕಿಗಳ ಸಂಖ್ಯೆ 3ರಿಂದಲ್ಲ, ಅದಕ್ಕಿಂತ ಒಂದು ಕಡಿಮೆಯಾದ 2ರಿಂದ ಭಾಗಿಸುತ್ತದೆ), ಉತ್ತರ 50 ಬರಬೇಕು. ಆಮೇಲೆ 0, 0, 0 ಕೊಡು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ್ದರಿಂದ ಎನ್‌ಎಎನ್ (ಸಂಖ್ಯೆಯಲ್ಲ ಎಂಬ ಗುರುತು) ಬರುತ್ತದೆ. ಮುಂದೆ ತಿಂಗಳವಾರು ಲೆಕ್ಕಕ್ಕೆ ಇಳಿದಾಗ ಜನವರಿಯಲ್ಲಿ ಇದೇ ಎದುರಾಗಬಹುದು, ಆದ್ದರಿಂದ ಸರಾಸರಿ ಸೊನ್ನೆಯಾದರೆ ಏನು ಮಾಡಬೇಕೆಂದು ಫಂಕ್ಷನ್ನಿನೊಳಗೇ ಬರೆದಿಡು. ಎನ್‌ಎ (ದಾಖಲೆ ಇಲ್ಲ ಎಂಬ ಗುರುತು) ಇದೆಯೇ ಎಂಬ ಪರೀಕ್ಷೆ ಅದಕ್ಕೂ ಮುಂಚೆ ಬರಲಿ. ಇಲ್ಲವಾದರೆ ಸರಾಸರಿಯೂ ಎನ್‌ಎ ಆಗಿ, ಸೊನ್ನೆಯೇ ಎಂದು ಕೇಳುವ ಇಫ್ ಅಲ್ಲೇ ಮುಗ್ಗರಿಸುತ್ತದೆ.

ವರ್ಷದ ಮೊತ್ತಕ್ಕೆ ಬೇರೆಯದೇ ಫಂಕ್ಷನ್ ಬರೆ. ಅದರಲ್ಲಿ ಮಾತ್ರ ಎನ್‌ಎಗಳನ್ನು ಬಿಟ್ಟು ಕೂಡಿಸು ಎನ್ನುವ ಎನ್‌ಎ.ಆರ್‌ಎಂಗೆ ಟ್ರೂ ಎಂದು ಕೊಡಲೇಬೇಡ. ಕೊಟ್ಟರೆ ದಾಖಲೆ ಇಲ್ಲದ ಜುಲೈ ಸದ್ದಿಲ್ಲದೆ ಸೊನ್ನೆ ಮಳೆಯಾಗಿ ಕೂಡಿಕೊಳ್ಳುತ್ತದೆ. ನಮ್ಮ ಕಡೆ ಜುಲೈ ಬಿಟ್ಟ ವರ್ಷವನ್ನು ಬರಗಾಲ ಎಂದೇ ಓದಬೇಕಾದೀತು. ಮೊತ್ತ ಎನ್‌ಎ ಎಂದೇ ಬರಲಿ, ಕಾರಣ ಹುಡುಕು.

ಇನ್ನೊಂದು ಮೋಸವಿದೆ. ಫಂಕ್ಷನ್ನಿನ ಒಳಗೆ ಸಿಗದ ಹೆಸರನ್ನು ಆರ್ ಹೊರಗೆ ಹುಡುಕುತ್ತದೆ. ನಿನ್ನೆ ಮಾಡಿಟ್ಟ ಹಳೆಯ ಟೇಬಲ್ ಅಲ್ಲಿ ಬಿದ್ದಿದ್ದರೆ ಅದನ್ನೇ ಎತ್ತಿಕೊಂಡು ಲೆಕ್ಕ ಮುಗಿಸಿಬಿಡುತ್ತದೆ. ಆರ್ ಮುಚ್ಚಿ, ಹಳೆಯದೇನನ್ನೂ ಉಳಿಸಿಕೊಳ್ಳದೆ ಮತ್ತೆ ತೆರೆದು, ಮೊದಲಿನಿಂದ ಓಡಿಸು. ಯಾವುದೋ ಹೆಸರು ಸಿಗಲಿಲ್ಲ ಎಂದು ನಿಂತರೆ ಅದನ್ನೂ ಆರ್ಗ್ಯುಮೆಂಟ್ (ಕರೆಯುವಾಗ ಫಂಕ್ಷನ್ನಿಗೆ ಕೊಡುವ ಮೌಲ್ಯ) ಮಾಡಿ ಒಳಗೆ ಕಳಿಸು.

ಹೊನ್ನಾವರದ ಸರಿಯಾದ ಅಂಕಿ ಬಂದ ಮೇಲೆ ತಿಳಿಸು.

ನಿನ್ನ ದೊಡ್ಡಪ್ಪ